ಕುರಿ ನಾಲ್ಕು

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹಿಂದೆ, ಔಷಧಿ ಅಂಗಡಿಯ ಮಾಳಿಗೆಯಲ್ಲಿ
ರಕ್ತ ತೆಗೆಯುವ ಕೋಣೆ.
ಹೆಸರು ಬರೆಸಿದೆ: ಮಾಳಿಂಗಪ್ಪ, ನಲವತ್ತೊಂದು, ಗಂಡು.
ಕಸುಬು ಕೇಳಲಿಲ್ಲ. ಕೇಳುವುದೇನು,
ಅಂಗಿಯ ತೋಳಿನ ತುಂಬ ಕರಿ ತುಪ್ಪಟ.

ಹದಿನಾಲ್ಕು ವರ್ಷ ಇದನ್ನು ನೆಗಡಿ ಅಂತಲೇ ಕರೆದೆ.
ಮೊದಲು ಹುಣಸೆಬೀಜದ ಗಂಜಿಯ ಮೇಲೆ ತಪ್ಪು ಹೊರಿಸಿದೆ,
ಆಮೇಲೆ ಶೇಂಗಾ ಮಿಲ್ಲಿನ ದೂಳಿನ ಮೇಲೆ.
ಬೀಡಿ ಬಿಟ್ಟೆ. ಒಂದು ಶ್ರಾವಣ ಈರುಳ್ಳಿಯನ್ನೂ ಬಿಟ್ಟೆ.
ಗುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗಕ್ಕೆ ಕೂತರೆ
ಎದೆಯೊಳಗೆ ಯಾರೋ ಇನ್ನೊಂದು ಮಗ್ಗ ಹೂಡಿದ ಹಾಗೆ
ಕಿರ್ರ್, ಕಿರ್ರ್.
ಅದರಿಂದ ಮಾತ್ರ ಒಂದು ಮೊಳವೂ ಇಳಿಯಲಿಲ್ಲ.

ಚರ್ಮಕ್ಕೆ ಚುಚ್ಚಿ ನೋಡುವ ಹಾಗಿಲ್ಲ ಅಂದರು ಡಾಕ್ಟರು,
ಕೆರೆದು ಕೆರೆದು ಅದು ಮೊದಲೇ ಜೋಳದ ಕೂಳೆ ಹೊಲ.
ರಕ್ತವನ್ನೇ ಕೇಳಿ ನೋಡೋಣ ಅಂದರು.

ಶಾಹಿದಾಳ ಬೆರಳು ನರ ಹುಡುಕುವ ರೀತಿ ನನಗೆ ಗೊತ್ತಿದ್ದದ್ದೇ,
ಎಳೆ ಹರಿದಲ್ಲಿ ನಾನೂ ಹಾಗೇ ತಡಕುತ್ತೇನೆ.
‘ಇದರಾಗೆ ಕುರಿ ಹೆಂಗೆ ಕಾಣ್ತದಮ್ಮ?’
‘ಬೆಂಗಳೂರಾಗೆ ಮಿಷನ್ ಐತೆ. ಕುರಿಕೂದಲು, ಮೇಕೆಕೂದಲು,
ಹಸು, ಕುದುರೆ, ಎಲ್ಲದರ ಸಾರ ಇಟ್ಟಿರ್ತಾರೆ.
ನಿಮ್ಮ ರಕ್ತ ಯಾವುದರ ಮೇಲೆ ಹಗೆ ಸಾಧಿಸ್ತದೋ ಅದು.’
‘ಯಾವ ಕುರಿ?’
‘ಕುರಿ ಅಂದ್ರೆ ಕುರಿ.’
‘ಅಲ್ಲ ಕಣಮ್ಮ. ನಮ್ಮದು ಕರೇದು, ಉಬ್ಬುಮೂಗಿಂದು,
ಜಾಲಿಕಾಯಿ ತಿಂದು ಬೆಳೆದದ್ದು.
ಶೀಷೆಯಾಗಿರೋದು ಯಾವ ದೇಶದ ಬಿಳೀದೋ.
ಗುರುತಿಲ್ಲದ ಕುರಿ ಮುಂದೆ ನಿಲ್ಸಿದರೆ
ನನ್ನ ರಕ್ತ ಏನಂತ ಸಾಕ್ಷಿ ಹೇಳೀತು?’

ಜೇಬಿನಿಂದ ಪೊಟ್ಟಣ ತೆಗೆದೆ. ಕೆರೆಯಲ್ಲಿ ಮೀಯಿಸಿ
ಮೊನ್ನೆ ಕತ್ತರಿಸಿದ್ದು, ಮರಿಯ ಮೊದಲ ತುಪ್ಪಟ.
‘ಇದನ್ನೂ ಕಳಿಸು.’
ನಕ್ಕಳು. ಆಮೇಲೆ ನಗಲಿಲ್ಲ.
‘ಮಿಷನ್ ತಗಳಲ್ಲಣ್ಣ’ ಎಂದು
ಒಂದೆಳೆ ಮೂಸಿ, ಪೊಟ್ಟಣವನ್ನು ಡ್ರಾಯರಿನಲ್ಲಿಟ್ಟಳು.
‘ನಮ್ಮಜ್ಜಿ ಹೊದೀತಿದ್ದಳು. ನೆಂದರೆ ಇದೇ ನಾತ.’

ಮೊಣಕೈ ಮಡಿಸಿ ಐದು ನಿಮಿಷ ಕೂರಬೇಕಂತೆ.
ಒತ್ತಿಕೊಳ್ಳಲು ಹತ್ತಿ ಕೊಟ್ಟಿದ್ದಳು. ಬೆರಳು ಸುಮ್ಮನಿರಬೇಕಲ್ಲ,
ನನಗೆ ತಿಳಿಯುವ ಹೊತ್ತಿಗೆ
ಅದನ್ನು ಹಿಂಜಿ, ಹೊಸೆದು, ಗೇಣುದ್ದ ನೂಲು ಮಾಡಿದ್ದೆ,
ನಡುವೆ ಒಂದು ಕಡೆ ಕೆಂಪು.

ಎಂಟನೇ ದಿನ ಕಾಗದ ಬಂತು.
ಹಸು ಸೊನ್ನೆ. ಕುದುರೆ ಸೊನ್ನೆ
(ಕುದುರೆಯನ್ನು ನಾನು ಕಂಡದ್ದೇ ಮದುವೆ ಮೆರವಣಿಗೆಯಲ್ಲಿ).
ಮೇಕೆ ಎರಡು. ಕುರಿ ನಾಲ್ಕು.
ಆರಕ್ಕಿಂತ ಮೇಲೆ ಎಣಿಕೆಯೇ ಇಲ್ಲವಂತೆ.

ಅಪ್ಪ ಕಣ್ಣು ಮುಚ್ಚಿ, ತುಪ್ಪಟ ತಿಕ್ಕಿ, ದರ್ಜೆ ಹೇಳುತ್ತಿದ್ದ:
ಒಂದು ಹೊದೆಯಲಿಕ್ಕೆ, ಎರಡು ಹಾಸಲಿಕ್ಕೆ,
ನಾಲ್ಕನೆಯದು ಕೈಗೆ ಬಂದರೆ ‘ಹಗ್ಗ ಹೊಸಿ’ ಅನ್ನುತ್ತಿದ್ದ.
ಮೂರರ ಮಾತು ಮರೆತಿದ್ದೇನೆ.
ಹುಟ್ಟಿದಾಗ ನನ್ನನ್ನು ಮಲಗಿಸಿದ್ದು ಕಂಬಳಿಯ ಮೇಲೆ,
ಧಾರೆಗೆ ಕೂರಿಸಿದ್ದೂ ಕಂಬಳಿಯ ಮೇಲೆ.
ಅಷ್ಟು ದಿನವೂ ಒಳಗೊಳಗೇ ರಕ್ತ
ಲೆಕ್ಕ ಇಡುತ್ತಿತ್ತೇ?

ಮನೆಯಲ್ಲಿ ಈರಕ್ಕ ರಾಟೆ ನಿಲ್ಲಿಸದೆ ಕೇಳಿದಳು, ಏನಂತೆ?
‘ಕುರಿ ನಾಲ್ಕಂತೆ.’
ರಾಟೆ ನಿಂತಿತು.
‘ಮೂವತ್ತಾರು ಇದ್ವಲ್ಲ,’ ಅಂದಳು,
‘ಮಿಕ್ಕಿದ್ದನ್ನ ಯಾರ ಹಟ್ಟಿಗೆ ಹೊಡೆದೆ?’