ಓಟಿನ ಇಳಿಜಾರು

ಬಾರ್ಕೂರಿನ ಶಾಸನ ಮುಗಿಯಿತು. ಕೊನೆಯ ಶಾಪವಾಕ್ಯಕ್ಕೆ
ಒಂಬತ್ತನೇ ಬಿ ಎಂದಿನಂತೆ ನಕ್ಕಿತು.
ಪುಸ್ತಕ ಮಡಚಿ, ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ:
ಎರಡು ಸರಳು, ನಾಲ್ಕು ಚರ್ಮದ ಪಟ್ಟಿ,
ಮಂಡಿಯ ಜಾಗದಲ್ಲಿ ತುಕ್ಕು ತಿಂದ ಕೀಲು.
"ಇದೆಂತ, ಹೇಳಿ."

ಮಲ್ಪೆಯ ಮಕ್ಕಳು. ನಿಹಾಲ್ ತಿಂಗಳಾಯ ಎದ್ದ:
"ಬೋಟಿನ ಪಾರ್ಟು, ಟೀಚರ್. ಚುಕ್ಕಾಣಿದು."
ಅಲ್ಲ ಮಾರಾಯ, ನನ್ನದು.

ಎಂಟು ವರ್ಷದ ಎಡಗಾಲಿಗೆ ಎರಡು ಕಿಲೋ ಕಬ್ಬಿಣ.
ಟಕ್, ಎಳೆ, ಟಕ್.
ಹೆಸರು ಹಿಡಿದು ಕರೆದವರು ಕಡಿಮೆ.
"ಹೋದ ಜನ್ಮದ್ದು" ಎಂದರು ಕೆಲವರು,
"ಪಾಪ" ಎಂದರು ಉಳಿದವರು.
ಆ ಪದಕ್ಕೆ ನಮ್ಮಲ್ಲಿ ಎರಡು ಅರ್ಥ.
ಎರಡೂ ನನ್ನ ಪಾಲಿಗೇ ಬಂದವು.

"ಟೀಚರ್, ಪುಸ್ತಕದಲ್ಲಿ ಕುಂಟುವವರು ಯಾಕಿಲ್ಲ?"
ಕೇಳಿದ್ದು ಪ್ರಣಮ್ಯಾ, ಕಿಟಕಿ ಬದಿಯಿಂದ.
ಹತ್ತೊಂಬತ್ತು ವರ್ಷ ಚರಿತ್ರೆ ಕಲಿಸಿದ್ದೇನೆ,
ಈ ಕಾಲಿನ ಮೇಲೆ ನಿಂತೇ.
ನಾನು ಕೇಳಿರಲಿಲ್ಲ.

ಹೊರಗೆ ಕರೆದುಕೊಂಡು ಹೋದೆ. ಒಂದನೇ ಕೋಣೆಯೆದುರು
ಸಿಮೆಂಟಿನ ಇಳಿಜಾರು, ಅದರ ಮೇಲೆ
ಹೆಡ್‌ಮಾಷ್ಟ್ರ ಸ್ಕೂಟರು.
"ಯಾರು ಕಟ್ಟಿಸಿದ್ದು? ಯಾವಾಗ? ಯಾಕೆ? ಐದು ಅಂಕ."
ಬಿಸಿಯೂಟದ ಸುನಂದಕ್ಕ ಸೌಟು ಹಿಡಿದೇ ಸಾಕ್ಷಿ ಹೇಳಿದರು:
"ಓಟಿಗೆ ಅಲ್ವಾ? ಮುನ್ನಾದಿನ ರಾತ್ರಿ ಮೇಸ್ತ್ರಿ ಬಂದು ಬಡಿದದ್ದು.
ನಾಯಿಯ ಹೆಜ್ಜೆ ಉಂಟು ನೋಡಿ, ಒಣಗಿರ್ಲಿಲ್ಲ."
ಲೈಬ್ರರಿ ಮೇಲೆ. ಹದಿನಾಲ್ಕು ಮೆಟ್ಟಿಲು, ಎಣಿಸಿದ್ದೇನೆ.
"ಅಲ್ಲಿ ಓಟು ಹಾಕ್ಲಿಕ್ಕಿಲ್ಲ ಟೀಚರ್," ಯಾರೋ ಅಂದ.
ನಗು ಬಂತು, ನನಗೂ.

ಹಿಂತಿರುಗುವಾಗ ನಿಹಾಲ್ ಓಡಿಬಂದು ಮೊಣಕೈ ಹಿಡಿದ.
"ಬಿಡು. ಮೊದಲು ಕೇಳಬೇಕು."
ಅವನ ಕೈ ಗಾಳಿಯಲ್ಲೇ ಉಳಿಯಿತು, ಕಿವಿ ಕೆಂಪು.
"ಬೇಕಾ ಟೀಚರ್?"
"ಬೇಡ."
"ಹಾಂ," ಎಂದು ಪಕ್ಕಕ್ಕೆ ಬಂದ,
ಕಬ್ಬಿಣ ಹೋಗಿ ಎಷ್ಟೋ ಕಾಲವಾದರೂ ಬಿಡದ ನನ್ನ ಲಯಕ್ಕೆ
ಚಪ್ಪಲಿ ನಿಧಾನಿಸಿ.
ಈ ನಡೆ ನನ್ನದು. ಜಗಲಿಯ ಆ ತುದಿಯಿಂದ ಕೇಳಿದರೂ
ನಾನೇ ಎಂದು ಇಡೀ ಶಾಲೆಗೆ ಗೊತ್ತು.

ಮರುದಿನ ಇಳಿಜಾರಿನ ಮೇಲೆ ಸೀಮೆಸುಣ್ಣದಲ್ಲಿ
ಶಾಸನ:
'ಸ್ವಸ್ತಿ ಶ್ರೀ. ಓಟಿನ ನಿಮಿತ್ತ ಕಟ್ಟಿದ ಈ ದಾರಿ
ಎಲ್ಲಾ ದಿನಕ್ಕೂ ಸಲ್ಲುವುದು. ಇದಕ್ಕೆ ಅಡ್ಡ ಗಾಡಿ ಇಟ್ಟವರು
ವಾರಣಾಸಿಯಲ್ಲಿ ಸಾವಿರ ಕವಿಳೆಯ ಕೊಂದ ಪಾಪಕ್ಕೆ ಹೋಹರು.'

ಹೆಲ್ಮೆಟ್ ಕಂಕುಳಲ್ಲಿಟ್ಟು ಹೆಡ್‌ಮಾಷ್ಟ್ರು ಎರಡು ಸಲ ಓದಿದರು.
ಕವಿಲೆಗೆ ಳಕಾರ ಬಿದ್ದಿತ್ತು.
ತಿದ್ದಲಿಲ್ಲ ನಾನು.