ವಿಷಯ ನಂಬರ್ ಹದಿನಾಲ್ಕು

ನೋಟೀಸಿನಲ್ಲಿ ಹನ್ನೊಂದು. ಕೋರಂ ಆದದ್ದು ಹನ್ನೊಂದೂ ಮುಕ್ಕಾಲಿಗೆ.
ನಡಾವಳಿ ಬರೆಯುವಾಕೆ ನಾನು, ಸವಣೂರ ಪುರಸಭೆಯ ಗುಮಾಸ್ತೆ.
ನೀಲಿ ಪೆನ್ನು ಒಂದು, ಒಣಗಿದ್ದು ಒಂದು.
ಪೇಪರಿನ ಮೇಲೆ ಸುರುವಿದ ಖಾರದ ಎಣ್ಣೆ
ಠರಾವು ಬುಕ್ಕಿನ ಅಂಚಿಗೆ ಮೆಲ್ಲಗೆ ಹತ್ತುತ್ತಿದೆ.

ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸಲಾಯಿತು.
ಓದಿದವಳು ನಾನೇ.
ಎಲಿಗಾರರು ಅಡಿಕೆ ಕತ್ತರಿಸುತ್ತಿದ್ದರು.

ಬ್ಲೀಚಿಂಗ್ ಪೌಡರು, ಹತ್ತು ಚೀಲ: ಮಂಜೂರು.
ಎರಡನೆಯ ವಾರ್ಡಿನ ಗಟಾರಕ್ಕೆ ಜೆಸಿಬಿ ಬಾಡಿಗೆ, ಆರು ತಾಸು.
'ಆರಲ್ರೀ, ನಾಕ' ಅಂದರು ಮೆಹಬೂಬಿ ಬಾಗವಾನ,
'ನಮ್ಮ ಮನಿ ಮುಂದನ ನಿಂತಿತ್ತು. ಎರಡ ತಾಸ ಡ್ರೈವರ ಮಲಗಿದ್ದ,
ನಾನ ಚಾ ಕೊಟ್ಟ ಎಬ್ಬಿಸೀನಿ.'
ಮುಖ್ಯಾಧಿಕಾರಿ ನನ್ನ ಕಡೆ ನೋಡಿದರು.
ಐದು ಎಂದು ಬರೆದೆ. ಸರ್ವಾನುಮತ.

ಸಂತೆ ಕರದ ಹರಾಜು. ಸುಟ್ಟ ಬಲ್ಬುಗಳು, ಅರವತ್ತೆರಡು.
ಹಂದಿ ಹಿಡಿಯುವ ಟೆಂಡರಿಗೆ ಬಂದದ್ದು ಒಂದೇ ಅರ್ಜಿ,
ಅದೂ ಹಂದಿ ಸಾಕಿದವನದೇ.

ಆಮೇಲೆ ಹದಿನಾಲ್ಕು:
ಪುರಸಭೆ ಕಟ್ಟಡದ ಮೇಲಿನ ಭೋಂಗಾ ಕೆಟ್ಟಿರುವ ಬಗ್ಗೆ.
ಹುಬ್ಬಳ್ಳಿಯ ಮಿಸ್ತ್ರಿ ಕೇಳಿದ್ದು ಹದಿನೆಂಟು ಸಾವಿರದ ಆರುನೂರು.

'ಈಗ ಭೋಂಗಾ ಯಾಕಬೇಕ್ರಿ, ಎಲ್ಲಾರ ಕೈಯಾಗೂ ಮೊಬೈಲ್ ಐತಿ'
ಅಂದ ಹೊಸ ಮೆಂಬರು ವಿನಾಯಕ ಕಲಿವಾಳ.

ಅಡಕೊತ್ತು ನಿಂತಿತು.
'ಎಲಿ ತ್ವಾಟದಾಗ ಆಳಮಕ್ಕಳು ಅದನ್ನ ಕೇಳೇ ಬುತ್ತಿ ಬಿಚ್ಚತಿದ್ರು.
ಈಗ ಹನ್ನೆರಡಕ್ಕನ ಬಿಚ್ಚಾಕ್ಹತ್ಯಾರ. ಲುಕ್ಸಾನ ನನಗ.'
ಗನಿಸಾಬ ಫರಾಶ ಅಂದರು:
'ರೋಜಾ ಬಿಡೂ ಹೊತ್ತಿಗೆ ಊದತಿತ್ತು, ನಮ್ಮಪ್ಪನ ಕಾಲದಿಂದ.
ಖರ್ಜೂರ ಕೈಯಾಗ ಹಿಡದು ಅದರ ಹಾದಿ ಕಾಯತಿದ್ವಿ.'
ಮೆಹಬೂಬಿ:
'ನನ್ನ ಹಿರೇ ಮಗನ ಹುಟ್ಟಿದ ಹೊತ್ತು ಬರಿಸಿದ್ದು ಭೋಂಗಾ ಕೇಳೇ.
ಸೂಲಗಿತ್ತಿಗೆ ಗಡಿಯಾರ ನೋಡಾಕ ಬರತಿರಲಿಲ್ಲ.'

ಎಲ್ಲರೂ ಒಮ್ಮೆಲೇ ಮಾತಾಡಿದರು. ಬಜೆಟ್ಟಿಗೂ ಹೀಗೆ ಮಾತಾಡಿದವರಲ್ಲ.
ಎರಡು ವರ್ಷದಲ್ಲಿ 'ನಮಸ್ಕಾರ', 'ಮುಂದಿನ ವಿಷಯ'
ಇಷ್ಟೇ ಅಂದಿದ್ದ ಅಧ್ಯಕ್ಷೆ ರೇಣವ್ವ,
ಗಂಡ ಹೊರಗೆ ಜೀಪಿನಲ್ಲಿ ಕೂತಿರುವಾಗ, ಬಾಯಿ ತೆರೆದರು:
'ಸಣ್ಣಾಕಿದ್ದಾಗ, ಈ ಕಟ್ಟಡದಾಗ ಯಾರನ್ನೋ ಕೂಡಿ ಹಾಕ್ಯಾರ,
ದಿನಾ ಮೂರು ಹೊತ್ತು ಅಳತಾರ ಅಂತ ತಿಳಿದಿದ್ದೆ.'
ಸಭೆ ನಕ್ಕಿತು.
ಅವರು ನಗಲಿಲ್ಲ.

ನನ್ನ ಬುಕ್ಕಿನಲ್ಲಿ ಈ ಕಾಲಮ್ಮು ಎರಡು ಬೆರಳು ಅಗಲ.
'ಸದಸ್ಯರು ಸುದೀರ್ಘವಾಗಿ ಚರ್ಚಿಸಿದರು' ಅಂತ ಬರೆದೆ.

ಮಾತು ಮುಗಿಯಲಿಲ್ಲ. ಯಾವಾಗ ಏಳಬೇಕೆಂದು ಯಾರಿಗೂ ತಿಳಿಯಲಿಲ್ಲ.
ಕಿಸೆಯಲ್ಲಿ ಮೊಬೈಲು ಇದ್ದವು, ಇದ್ದಲ್ಲೇ ಇದ್ದವು.
ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ದ್ಯಾಮಣ್ಣ,
ಇಪ್ಪತ್ತೊಂದು ವರ್ಷ ಆ ಭೋಂಗಾದ ಸ್ವಿಚ್ಚು ಒತ್ತಿದವನು.
ಅವನನ್ನು ಯಾರೂ ಏನೂ ಕೇಳಿರಲಿಲ್ಲ.
'ಒಂದ ಆತ್ರಿ' ಅಂದ.
ಜೋರಾಗೇನಲ್ಲ.
ಕುರ್ಚಿಗಳೆಲ್ಲ ಒಟ್ಟಿಗೆ ಹಿಂದೆ ಸರಿದವು.

ಅನುದಾನದ ಲಭ್ಯತೆ ನೋಡಿಕೊಂಡು
ಮುಂದಿನ ಸಭೆಯಲ್ಲಿ ಮಂಡಿಸಲು ಠರಾಯಿಸಲಾಯಿತು.

ಹದಿನೈದು, ಹದಿನಾರು ಓದಲೇ ಇಲ್ಲ.
ಓದದ ವಿಷಯಗಳೂ ನಮ್ಮಲ್ಲಿ ಸರ್ವಾನುಮತವೇ.
ಸಂಜೆ ಎಲ್ಲರೂ ಹೋದ ಮೇಲೆ ಫೈಲು ತೆರೆದೆ.
ಹದಿನಾರು: ಭೋಂಗಾ ಬಂದಾಗಿರುವ ಕಾರಣ
ಸದರಿ ಕೆಲಸದ ದಿನಗೂಲಿ ನೌಕರನನ್ನು
ಮುಂದುವರಿಸುವ ಅಥವಾ ಕೈಬಿಡುವ ಬಗ್ಗೆ.
ಬೇಡವಾದದ್ದನ್ನು ಹೊಡೆದುಹಾಕಿ ಅಂತ ಕೆಳಗೆ ಸಣ್ಣ ಅಕ್ಷರ.

ಹೊರಗೆ ದ್ಯಾಮಣ್ಣ ಕಪ್ಪು ತೊಳೆಯುವ ಸಪ್ಪಳ.
ಮೊದಲು ಒಣಗಿದ ಪೆನ್ನೇ ಕೈಗೆ ಬಂತು. ಇಟ್ಟೆ.
ಇನ್ನೊಂದನ್ನು ತೆಗೆದುಕೊಂಡೆ.

ಯಾವ ಪದ ಹೊಡೆದೆ ಅಂತ
ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದುತ್ತೇನೆ.
ಎಲಿಗಾರರು ಅಡಿಕೆ ಕತ್ತರಿಸುತ್ತಿರುತ್ತಾರೆ.