ಎಲೆ ಲೆಕ್ಕ

ಬ್ಯಾಂಕಿನ ಹುಡುಗ ಮಿಥುನ್
ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ
ಮೂರು ಕಾರ್ಡಿನ ಚಿತ್ರ ಹರಡಿದ.
ಹಾಸನದ ಸಾಲಗಾಮೆ ರಸ್ತೆ, ಛತ್ರದ ಹಿತ್ತಿಲು,
ಮುನ್ನೂರೈವತ್ತು ಎಲೆಯ ಬೀಗರೂಟ,
ಬೆಳಗಿನ ಹತ್ತೂವರೆ.

"ಮೇಡಂ, ತಿಂಗಳಿಗೆ ನಾಲ್ಕು ಲಕ್ಷದ ಸಾಮಾನು ತರ್ತೀರಿ,
ಸುಮ್ನೆ ಹೋಗೋ ದುಡ್ಡು.
ಉಜ್ಜಿದ್ರೆ ಪಾಯಿಂಟು,
ಪಾಯಿಂಟು ಕೂಡಿದ್ರೆ ವಿಮಾನ."

ಸುಮ್ಮನೆ ಹೋಗುತ್ತದಂತೆ!
ಎಣ್ಣೆ ಡಬ್ಬಿ ಬೋರಲು ಹಾಕಿ
ಕೊನೆಯ ತೊಟ್ಟಿಗೆ ಕಾಯುವವಳ ಹತ್ತಿರ
ಆಡುವ ಮಾತೇ ಇದು?

ನನಗೆ ಲೆಕ್ಕ ಬರುವುದು ಎಲೆಯಲ್ಲಿ.
ನೂರು ಎಲೆಗೆ ಹತ್ತು ಕೆಜಿ ಅಕ್ಕಿ,
ಬೀಗರು ಹೊಳೆನರಸೀಪುರದ ಕಡೆಯವರಾದರೆ ಹನ್ನೆರಡು.
ಅದಕ್ಕೇ ಕೇಳಿದೆ:
ಒಂದು ವಿಮಾನಕ್ಕೆ ಎಷ್ಟು ಎಲೆಯಪ್ಪಾ?
ಹುಡುಗ ಫೋನು ಒತ್ತಿ ಒತ್ತಿ ಬೆವೆತ.

ಕಪ್ಪು ಕಾರ್ಡು ನೂರಕ್ಕೆ ಮೂರು ಪಾಯಿಂಟು,
ವರ್ಷಕ್ಕೆ ಐದು ಸಾವಿರ ಅದರದೇ ಊಟದ ಖರ್ಚು,
ಪೆಟ್ರೋಲಿಗಿಲ್ಲ, ಬಾಡಿಗೆಗಿಲ್ಲ,
ಆದರೆ ನಿಲ್ದಾಣದ ಲೌಂಜಿನಲ್ಲಿ ಬಿಟ್ಟಿ ಇಡ್ಲಿ.
ಬಿಟ್ಟಿ ಇಡ್ಲಿ ಎಂದದ್ದಕ್ಕೆ
ಜವರಮ್ಮ ಸೌಟು ಕೆಳಗಿಟ್ಟು ನಕ್ಕಳು.
ಕೆಂಪಿನದು ಒಂದೇ ಕಂಪನಿಯ ವಿಮಾನಕ್ಕೆ,
ವರ್ಷ ತುಂಬಿದರೆ ಪಾಯಿಂಟು ಸಾಯುತ್ತವೆ.
ಅದು ಪಲ್ಯ ಎಂದೆ, ಸಂಜೆಗೆ ಹಳಸುತ್ತೆ.
ನೀಲಿಗೆ ಶುಲ್ಕವಿಲ್ಲ, ನೂರಕ್ಕೆ ಒಂದೇ,
ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ.
ಅದು ಉಪ್ಪಿನಕಾಯಿ.

ಆದರೂ ಎರಡು ರಾತ್ರಿ ಕಪ್ಪಿನ ಆಸೆ ಬಿಡಲಿಲ್ಲ.
ತಿಂಗಳಿಗೆ ಹನ್ನೆರಡು ಸಾವಿರ ಪಾಯಿಂಟು!
ಕಟ್ಟಿನಕೆರೆ ಮಾರುಕಟ್ಟೆಗೆ ಹೋಗಿ
ಪದ್ಮರಾಜಯ್ಯನವರಿಗೆ ಹೇಳಿದೆ, ಇನ್ನು ಮೇಲೆ ಕಾರ್ಡು.
ಅವರು ತಕ್ಕಡಿಯಿಂದ ತಲೆಯೆತ್ತಲಿಲ್ಲ.
"ಆಗಲಿ ತಾಯಿ, ಎರಡು ಪರ್ಸೆಂಟು ಸೇರುತ್ತೆ."
ನಾಲ್ಕು ಲಕ್ಷಕ್ಕೆ ಎಂಟು ಸಾವಿರ.
ಪಾಯಿಂಟಿಗೆ ಎಂಟಾಣೆ ಹಿಡಿದರೆ ಬರುವುದು ಆರು.
ಎಂಟು ಬಡಿಸಿ ಆರು ಉಣ್ಣುವ ಜಾಣತನ.
ಇನ್ನು ಮಟನ್ನಿನ ಅಮ್ಜದ್, ಎಲೆ ತರುವ ತಿಮ್ಮೇಶ,
ಅವರ ಹತ್ತಿರ ಉಜ್ಜುವ ಯಂತ್ರವೇ ಇಲ್ಲ.

ಉಳಿದದ್ದು ಗ್ಯಾಸು, ಪಾತ್ರೆ ಅಂಗಡಿ,
ಬೈಪಾಸಿನ ಸಗಟು ಮಳಿಗೆ.
ತಿಂಗಳಿಗೆ ಅರವತ್ತು ಸಾವಿರ, ಆರುನೂರು ಪಾಯಿಂಟು.
ನೀಲಿ ಸಾಕು ಎಂದೆ.
ಹುಡುಗನ ಮುಖ ಸಣ್ಣಗಾಯಿತು,
ಕಪ್ಪಿಗೆ ಅವನಿಗೇನೋ ಕಮಿಷನ್ನು ಇದ್ದಿರಬೇಕು.
ಊಟಕ್ಕೆ ಕೂರಿಸಿದೆ.

ಮುದ್ದೆ ಮುರಿಯುತ್ತ ಕೇಳಿದ,
"ಎಲ್ಲಿಗೆ ಹೋಗ್ತೀರಿ ಮೇಡಂ? ಗೋವಾ? ಕಾಶಿ?"

ಸೌಟು ಕೈಯಲ್ಲೇ ನಿಂತಿತು.
ಇಪ್ಪತ್ತಾರು ವರ್ಷ
ಮದುವೆ ಇದ್ದಲ್ಲಿಗೆ ಹೋಗಿದ್ದೇನೆ,
ಟೆಂಪೋದ ಹಿಂದೆ, ಕೊಪ್ಪರಿಗೆಗಳ ನಡುವೆ.
ಇಂಥಲ್ಲಿಗೆ ಹೋಗಬೇಕೆಂದು ಹೋದದ್ದಿಲ್ಲ.

ಎಲ್ಲಕ್ಕಿಂತ ಕಡಿಮೆ ಪಾಯಿಂಟಿನದು ಯಾವುದು?
"ಮಂಗಳೂರಿಂದ ಬೆಂಗಳೂರು. ನಾಲ್ಕು ಸಾವಿರದೆಂಟುನೂರು,
ತೆರಿಗೆ ಬೇರೆ. ಅದ್ಯಾಕೆ ಮೇಡಂ, ಬಸ್ಸಿದೆಯಲ್ಲ?"
ಆ ದಾರಿ ಮೇಲೆ ಯಾವ ಊರು ಹಾಯುತ್ತೆ?
ಎಡಗೈಯಲ್ಲಿ ಫೋನು ತೆಗೆದು ಗೆರೆ ಎಳೆದ.
ಗೆರೆ ನಮ್ಮ ಒಲೆಯ ಮೇಲೇ ಹೋಯಿತು,
ಹೆಚ್ಚು ಕಡಿಮೆ.

ಧನುರ್ಮಾಸಕ್ಕೆ. ಲಗ್ನಗಳಿಲ್ಲದ ತಿಂಗಳು, ಮೋಡವೂ ಕಡಿಮೆ.
ಬಸ್ಸಲ್ಲಿ ಶಿರಾಡಿ ಇಳಿದು ಮಂಗಳೂರಿಗೆ,
ಅಲ್ಲಿಂದ ಹಾರಿ, ಹಾಸನ ದಾಟಿ, ಬೆಂಗಳೂರಿಗೆ,
ರೈಲು ಹತ್ತಿ ಮತ್ತೆ ಹಾಸನಕ್ಕೆ.
ಹೊರಟಲ್ಲಿಗೇ ಬರಲು ಎರಡು ದಿನ.
ಭುವನಹಳ್ಳಿಗೇ ವಿಮಾನ ಬಂದೀತು, ಕಾಯಿ
ಎನ್ನುತ್ತಾನೆ ತಮ್ಮ.
ಪಾಯಿಂಟು ಕೆಡುವುದಿಲ್ಲ ಸರಿ.
ನಾನು ಕೆಡುತ್ತೇನಲ್ಲ.

ಜವರಮ್ಮನಿಗೆ ಹೇಳಿದ್ದೇನೆ,
ಅವತ್ತು ಮಹಡಿಯ ಮೇಲೆ
ದೊಡ್ಡ ಬಿಳಿ ಶಾಮಿಯಾನ ಹರಡಿಡು,
ನಾಲ್ಕು ಮೂಲೆಗೆ ನಾಲ್ಕು ಕೊಳಗ.
ಕಂಡೀತೇ ಅಕ್ಕಾ? ಎಂದಳು.
ಗೊತ್ತಿಲ್ಲ.

ಇವತ್ತಿಗೆ ಸಾವಿರದೆಂಟುನೂರು.
ಮಧ್ಯಾಹ್ನ ಗ್ಯಾಸಿನವನು ಬರುತ್ತಾನೆ.